ಮುಲ್ಕಿ ಯಾರು?

ನಮ್ಮ ಗಾಜಿಪುರದ ನೆರೆಮನೆಯ ತರುಣನೊಬ್ಬನು ಮೊನ್ನೆ, ಮಡಿಕೆಗಳಲ್ಲಿ ಹರಿದ ಉರ್ದು ಕಾಗದವೊಂದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದನು. ಮುತ್ತಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ ಮುಲ್ಕಿ ಪತ್ರವದು. ಸರಕಾರಿ ನೌಕರಿಗೆಂದು ೩೭೧(ಜೆ) ಅರ್ಹತಾಪತ್ರವನ್ನು ಪಡೆಯಹೊರಟಿದ್ದ ಅವನು, “ಗುರುಗಳೇ, ಇದು ನಡೆದೀತೇ?” ಎಂದು ಕೇಳಿದನು. ನಡೆಯದೆಂದೆನು. ಆದರೆ ಆ ಕಾಗದದ ಸಂಗತಿಯನ್ನು ವಾಚಕರಿಗೆ ಅರುಹದಿರಲು ಮನಸ್ಸೊಪ್ಪಲಿಲ್ಲ.

‘ಮುಲ್ಕ್’ ಎಂದರೆ ನಾಡು. ಕಲಬುರಗಿಯು ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿದ್ದಾಗ ನಾಡಿನವನು ಮುಲ್ಕಿ, ಹೊರಗಿನವನು ಗೈರಮುಲ್ಕಿ. ದಿವಾನರಾದ ಮೊದಲನೆಯ ಸಾಲಾರ್ ಜಂಗರು ಆಡಳಿತವನ್ನು ಸುಧಾರಿಸಲು ಉತ್ತರ ಹಿಂದುಸ್ಥಾನದ ವಿದ್ಯಾವಂತರನ್ನು ಬರಮಾಡಿಕೊಂಡರು. ದೊಡ್ಡ ಹುದ್ದೆಗಳು ಅವರ ಪಾಲಾಗಲು, ನಾಡಿಗರು ಅಸಮಾಧಾನಗೊಂಡರು. ಹೀಗೆ ಹುಟ್ಟಿದ ನಿಯಮಗಳು ೧೯೧೯ರ ಫರ್ಮಾನಿನಿಂದ ಖಚಿತವಾದುವು. ಹುಟ್ಟಿನಿಂದ ಸಂಸ್ಥಾನದ ಪ್ರಜೆಯಾದವನು ಮುಲ್ಕಿ. ಹೊರಗಿನಿಂದ ಬಂದವನಾದರೋ ೧೫ ವರ್ಷ ಕಾಯಂ ವಾಸವಾಗಿದ್ದು, ಹಿಂದಿನ ಊರಿಗೆ ಮರಳುವ ವಿಚಾರವನ್ನೇ ಬಿಟ್ಟಿರುವೆನೆಂದು ಮ್ಯಾಜಿಸ್ಟ್ರೇಟರ ಸಾಕ್ಷಿಯಿಂದ ಪ್ರಮಾಣ ಬರೆದುಕೊಡತಕ್ಕದ್ದು. ಹೆಂಗಸರಿಗೆ ದಾರಿ ಸುಲಭ: ಮುಲ್ಕಿಯ ಕೈಹಿಡಿದವಳು ಮುಲ್ಕಿ.

ಈ ತರುಣನ ಮುತ್ತಜ್ಜನು ಬಂದದ್ದು ಭೀಮೆಯ ಆಚೆಯ ಇಂಡಿ ಸೀಮೆಯಿಂದ. ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಆದರೆ ಇಂಡಿಯು ಮುಂಬಯಿ ಇಲಾಖೆ! ಕಾರಕೂನಿಕೆಗಾಗಿ ೧೫ ವರ್ಷ ಕಾದು, ಹುಟ್ಟೂರನ್ನು ಕಾಗದದ ಮೇಲೆ ತೊರೆದನು. ಕಾಗದದ ಮೇಲೆ ಎಂದೆನಷ್ಟೆ. ಊರ ಜಾತ್ರೆಗೆ ವರುಷವೂ ಹೋಗುತ್ತಿದ್ದನೆಂದು ಮನೆಯವರೇ ಹೇಳುತ್ತಾರೆ. ಪಾಣಿನಿಯು ಇಂಥವನಿಗೆ ಹೆಚ್ಚು ದಯಾಳು. ಈಗ ಇರುವ ಸ್ಥಳ ‘ನಿವಾಸ’, ಪೂರ್ವಜರಿದ್ದ ಸ್ಥಳ ‘ಅಭಿಜನ’. ಎರಡಕ್ಕೂ ಬೇರೆಬೇರೆ ಸೂತ್ರಗಳನ್ನಿಟ್ಟು, ಎರಡರಿಂದಲೂ ಮನುಷ್ಯನಿಗೆ ಹೆಸರು ಸಲ್ಲುವುದೆಂದಿದ್ದಾನೆ. ಫರ್ಮಾನು ಒಂದನ್ನು ಬಿಡೆಂದಿತು.

ಸಂಸ್ಥಾನವು ೧೯೪೮ರಲ್ಲಿ ಭಾರತದಲ್ಲಿ ಸೇರಿತು. ೧೯೫೬ರ ನವೆಂಬರ ೧ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ವಾಸಸ್ಥಳದ ಕಾರಣದಿಂದ ಸರಕಾರಿ ನೌಕರಿಯಲ್ಲಿ ಭೇದವೆಣಿಸಲಾಗದೆಂಬುದು ಸಂವಿಧಾನದ ೧೬ನೆಯ ವಿಧಿ. ವಿನಾಯಿತಿ ಕೊಡುವ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ. ೧೯೫೭ರ ಕಾಯದೆಯು ಅದಕ್ಕೆ ತೆಲಂಗಾಣದಲ್ಲಿ ಅವಕಾಶವಿಟ್ಟಿತು. ಅದೇ ಸಂಸ್ಥಾನದಿಂದ ಬೇರ್ಪಟ್ಟ ಬೀದರ, ಕಲಬುರಗಿ, ರಾಯಚೂರುಗಳಿಗೆ ಇಡಲಿಲ್ಲ. ಶಾಲೆಗಳು ತಡವಾಗಿ ಬಂದ ಸೀಮೆಯ ಮಕ್ಕಳು ಹಳೆಯ ಮೈಸೂರಿನ ಮಕ್ಕಳೊಡನೆ ಒಂದೇ ಸಾಲಿನಲ್ಲಿ ನಿಂತು ಓಡಬೇಕಾಯಿತು. ಎಷ್ಟೋ ಬುದ್ಧಿವಂತ ಶಿಷ್ಯರು ಹಿಂದೆ ಉಳಿದುದನ್ನು ಕಣ್ಣಾರೆ ಕಂಡಿರುವೆನಾದ್ದರಿಂದ, ೨೦೧೨ರ ೯೮ನೆಯ ತಿದ್ದುಪಡಿಯನ್ನು ಅಣಕಿಸುವವರ ಮಾತು ನನಗೆ ರುಚಿಸದು. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಈ ಸೀಮೆಗೆ ಸೇರಿದವರಿಗೆ ಅದು ಹುದ್ದೆಗಳಲ್ಲಿ ಪಾಲು ಇಟ್ಟಿತು.

ಒಂದು ವಿನೋದವನ್ನು ಮಾತ್ರ ಹೇಳಿಬಿಡುವೆನು. ಈ ಸೀಮೆಯಲ್ಲಿ ಬಳ್ಳಾರಿಯೂ ಸೇರಿದೆ. ಮದರಾಸು ಇಲಾಖೆಯಲ್ಲಿದ್ದ ಬಳ್ಳಾರಿಯವನು ಮುತ್ತಜ್ಜನ ಕಾಲಕ್ಕೆ ಗೈರಮುಲ್ಕಿ, ಇಂದು ನಮ್ಮವನು. ಇಂಡಿಯವನು ಅಂದೂ ಹೊರಗೆ, ಇಂದೂ ಹೊರಗೆ!

ತರುಣನು ಹುಟ್ಟಿದ್ದು ಇಲ್ಲಿಯೇ ಆದುದರಿಂದ ಅವನಿಗೆ ತೊಡಕಿಲ್ಲ. ಓಣಿಯ ಹಿರಿಯ ಮೌಲವಿಗಳು ಕಾಗದವನ್ನು ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಊರಿಗೆ ತಿರುಗಿ ಹೋಗಲಾರೆ ಎಂದು ಬರೆದಿದ್ದಾರೆ” ಎಂದರು. ಅವನು ಅದನ್ನು ಮೆಲ್ಲನೆ ಮಡಿಸಿಕೊಂಡು, ಈ ಸಲದ ಇಂಡಿಯ ಕಡೆಯ ಜಾತ್ರೆ ಯಾವ ತಿಥಿಗೆ ಬರುವುದೆಂದು ಪಂಚಾಂಗ ನೋಡಲು ನನಗೆ ಹೇಳಿದನು.