ಹಂಗೇರಿಯ ಕಂಪನಿಗಳಿಗೆ ‘ಜನ ಸಿಗುತ್ತಿಲ್ಲ’: ಸಮೀಕ್ಷೆ ಹೇಳುವುದೇನು, ಫಾರ್ವರ್ಡ್ ಹೇಳುವುದೇನು?

“ಹಂಗೇರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಂಪನಿಗಳಿಗೆ ಕೆಲಸಗಾರರೇ ಇಲ್ಲ! ಎಸ್‌ಎಸ್‌ಎಲ್‌ಸಿ ಆಗಿದ್ದರೂ ಸಾಕು, ಊಟ-ವಸತಿ ಉಚಿತ, ಕೂಡಲೇ ಸಂಪರ್ಕಿಸಿ.” ಈ ಧಾಟಿಯ ಸಂದೇಶವೊಂದು ನಿಮ್ಮ ಊರಿನ ಗ್ರೂಪಿಗೋ ಐಟಿಐ ಗೆಳೆಯರ ಗ್ರೂಪಿಗೋ ಬಂದು ಬಿತ್ತು ಎಂದುಕೊಳ್ಳಿ. ಅದರ ಬೆನ್ನಿಗೇ ಇನ್ನೊಂದು: “ಹಂಗೇರಿಯಲ್ಲಿ ಗುಲಾಮರ ಕಾನೂನು! ವರ್ಷಕ್ಕೆ 400 ಗಂಟೆ ಕಡ್ಡಾಯ ಓವರ್‌ಟೈಮ್.” ಒಂದು ಹೋಗು ಅನ್ನುತ್ತದೆ, ಇನ್ನೊಂದು ಬೇಡ ಅನ್ನುತ್ತದೆ. ಯಾವುದನ್ನು ನಂಬುವುದು?

ಎರಡರಲ್ಲೂ ಸ್ವಲ್ಪ ನಿಜವಿದೆ. ಪೂರ್ತಿ ಸುಳ್ಳಾದ ಸಂದೇಶವನ್ನು ಹಿಡಿಯುವುದು ಸುಲಭ. ಕಾಲು ಭಾಗ ನಿಜ ಬೆರೆತ ಸಂದೇಶಕ್ಕೇ ಜನ ಮೋಸ ಹೋಗುವುದು. ಹಾಗಾಗಿ ಆ ಕಾಲು ಭಾಗ ಎಲ್ಲಿಂದ ಬಂತು ಎಂದು ನೋಡೋಣ. ಅದು ಬಂದಿರುವುದು ಕಂಪನಿಗಳ ಸಮೀಕ್ಷೆಗಳಿಂದ.

ಕಂಪನಿಗಳನ್ನು ಏನೆಂದು ಕೇಳುತ್ತಾರೆ?

ವ್ಯಾಪಾರ ಹೇಗಿದೆ ಎಂದು ತಿಳಿಯಲು ಲೆಕ್ಕಪತ್ರ ನೋಡಬಹುದು. ಆದರೆ ಲೆಕ್ಕಪತ್ರ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಅದಕ್ಕೆ ಸಂಶೋಧಕರು ಕಂಡುಕೊಂಡ ಅಡ್ಡದಾರಿ, ಕಂಪನಿ ನಡೆಸುವವರನ್ನೇ ನೇರವಾಗಿ ಕೇಳುವುದು. ಜರ್ಮನಿಯ ಮ್ಯೂನಿಕ್‌ನಲ್ಲಿರುವ ಇಫೊ ಸಂಸ್ಥೆ 1949ರಲ್ಲೇ ಇದನ್ನು ಶುರು ಮಾಡಿತು. 1960ರ ದಶಕದಿಂದ ಯುರೋಪಿಯನ್ ಕಮಿಷನ್ ಒಂದೇ ಬಗೆಯ ಪ್ರಶ್ನೆಗಳನ್ನು ಎಲ್ಲ ಸದಸ್ಯ ದೇಶಗಳಲ್ಲೂ ಕೇಳಿಸುತ್ತಿದೆ. ಹಂಗೇರಿಯಲ್ಲಿ ಈ ಕೆಲಸವನ್ನು ಜಿಕೆಐ ಎಂಬ ಆರ್ಥಿಕ ಸಂಶೋಧನಾ ಸಂಸ್ಥೆ ಮಾಡುತ್ತಾ ಬಂದಿದೆ. ಅಲ್ಲಿನ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗೆ ಸೇರಿದ ಜಿವಿಐ ಸಂಸ್ಥೆಯೂ ಕಂಪನಿ ಮುಖ್ಯಸ್ಥರನ್ನು ನಿಯಮಿತವಾಗಿ ವಿಚಾರಿಸುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ಕೂಡ ಮೂರು ತಿಂಗಳಿಗೊಮ್ಮೆ ಕಾರ್ಖಾನೆಗಳಿಗೆ ಕಳಿಸುವ ಪ್ರಶ್ನಾವಳಿ ಇದೇ ಜಾತಿಯದು.

ಪ್ರಶ್ನೆಗಳು ಬಲು ಸರಳ. ಕಳೆದ ಮೂರು ತಿಂಗಳಲ್ಲಿ ಉತ್ಪಾದನೆ ಹೆಚ್ಚಿತೇ, ಹಾಗೇ ಇದೆಯೇ, ಇಳಿಯಿತೇ? ಮುಂದಿನ ಮೂರು ತಿಂಗಳಲ್ಲಿ ಕೆಲಸಗಾರರ ಸಂಖ್ಯೆ ಏರುತ್ತದೆಯೇ, ಇಳಿಯುತ್ತದೆಯೇ? ಎಷ್ಟು ಏರಿತು ಎಂದು ಕೇಳುವುದಿಲ್ಲ. ಅಂಕಿ ಕೇಳಿದರೆ ಮ್ಯಾನೇಜರ್ ಲೆಕ್ಕ ವಿಭಾಗಕ್ಕೆ ಫೋನ್ ಮಾಡಬೇಕು, ಉತ್ತರ ಬರುವುದೇ ಇಲ್ಲ. ಏರಿತೋ ಇಳಿಯಿತೋ ಎಂದಷ್ಟೇ ಕೇಳಿದರೆ ಐದು ನಿಮಿಷದಲ್ಲಿ ತುಂಬಿ ಕಳಿಸುತ್ತಾರೆ.

ಉತ್ತರ ಬಂದ ಮೇಲೆ ‘ಏರಿತು’ ಎಂದವರ ಶೇಕಡಾವಾರಿನಿಂದ ‘ಇಳಿಯಿತು’ ಎಂದವರ ಶೇಕಡಾವಾರು ಕಳೆಯುತ್ತಾರೆ. ನೂರು ಕಂಪನಿಗಳಲ್ಲಿ 30 ಏರಿತು, 50 ಹಾಗೇ ಇದೆ, 20 ಇಳಿಯಿತು ಎಂದರೆ ಸಿಗುವ ಅಂಕಿ ಪ್ಲಸ್ 10. ಇದು ನಾವು ಕೊಟ್ಟ ಉದಾಹರಣೆ, ಹಂಗೇರಿಯ ಅಂಕಿಯಲ್ಲ. ಪ್ಲಸ್ 10 ಎಂದರೆ ಉತ್ಪಾದನೆ ಶೇ. 10 ಏರಿತು ಎಂದಲ್ಲ. ಆ 30 ಕಂಪನಿಗಳು ಚೂರೇ ಚೂರು ಏರಿ, 20 ಕಂಪನಿಗಳು ದಬಕ್ಕನೆ ಬಿದ್ದಿದ್ದರೂ ಅಂಕಿ ಪ್ಲಸ್ 10 ಎಂದೇ ತೋರಿಸುತ್ತದೆ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಹೇಳಲು ಅದು ಸಾಕು, ಗಾಳಿಯ ವೇಗ ಅಳೆಯಲು ಸಾಲದು. ಸುದ್ದಿ ಶೀರ್ಷಿಕೆ ಬರೆಯುವವರೂ ಇಲ್ಲಿ ಆಗಾಗ ಎಡವುತ್ತಾರೆ, ಫಾರ್ವರ್ಡ್ ಬರೆಯುವವರ ಮಾತಂತೂ ಬಿಡಿ.

‘ಅರ್ಧಕ್ಕಿಂತ ಹೆಚ್ಚು ಕಂಪನಿಗಳು’ ಎಂಬ ಮಾತು

ಯುರೋಪಿನ ಪ್ರಶ್ನಾವಳಿಯಲ್ಲಿ ಮೂರು ತಿಂಗಳಿಗೊಮ್ಮೆ ಇನ್ನೊಂದು ಪ್ರಶ್ನೆ ಇರುತ್ತದೆ: ನಿಮ್ಮ ಉತ್ಪಾದನೆಗೆ ಈಗ ಏನು ಅಡ್ಡಿ? ಬೇಡಿಕೆ ಇಲ್ಲವೇ, ಕೆಲಸಗಾರರ ಕೊರತೆಯೇ, ಸಾಮಗ್ರಿ ಅಥವಾ ಯಂತ್ರದ ಕೊರತೆಯೇ, ಹಣದ ತೊಂದರೆಯೇ? 2018ರ ಆಸುಪಾಸಿನಲ್ಲಿ ಹಂಗೇರಿಯ ತಯಾರಿಕಾ ಕಂಪನಿಗಳಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ‘ಕೆಲಸಗಾರರ ಕೊರತೆ’ ಎಂದು ಗುರುತು ಹಾಕಿದ್ದವು. ಯುರೋಪಿನಲ್ಲೇ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಅದೂ ಒಂದು. ಫಾರ್ವರ್ಡ್‌ನ ಬೇರು ಇದೇ.

ಅದೇ ಸಮಯದ ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಂಗೇರಿಯ ಸರ್ಕಾರಿ ಅಂಕಿಅಂಶ ಕಚೇರಿಯಾದ ಕೆಎಸ್‌ಎಚ್ ಖಾಲಿ ಹುದ್ದೆಗಳನ್ನು ಬೇರೆಯಾಗಿ ಎಣಿಸುತ್ತದೆ. ತುಂಬಿದ ಮತ್ತು ಖಾಲಿ ಹುದ್ದೆಗಳನ್ನು ಕೂಡಿಸಿ ಅದರಲ್ಲಿ ಖಾಲಿ ಇರುವವು ಎಷ್ಟು ಎಂಬ ಲೆಕ್ಕ ಅದು. ಕೊರತೆಯ ಕೂಗು ಜೋರಾಗಿದ್ದ ಆ ದಿನಗಳಲ್ಲೂ ಅದು ಶೇ. 3 ದಾಟಿರಲಿಲ್ಲ. ಅಂದರೆ ನೂರು ಹುದ್ದೆಗಳಲ್ಲಿ ಮೂರೂ ಖಾಲಿ ಇರಲಿಲ್ಲ!

ಎರಡೂ ಅಂಕಿಗಳು ಸರಿಯೇ. ಮೊದಲನೆಯದು ಕಂಪನಿಗಳನ್ನು ಎಣಿಸುತ್ತದೆ, ಎರಡನೆಯದು ಹುದ್ದೆಗಳನ್ನು. 200 ಜನರಿರುವ ಕಾರ್ಖಾನೆಯೊಂದಕ್ಕೆ ನಾಲ್ಕು ಜನ ನುರಿತ ವೆಲ್ಡರ್‌ಗಳು ಸಿಗದೆ ಒಂದು ಲೈನು ನಿಂತಿದ್ದರೂ ಅದು ‘ಕೊರತೆ ಇದೆ’ ಎಂದೇ ಗುರುತು ಹಾಕುತ್ತದೆ. ಅರವತ್ತು ಜನ ಬೇಕಾದ ಕಾರ್ಖಾನೆಯೂ ಅದೇ ಗುರುತು ಹಾಕುತ್ತದೆ. ‘ಶೇ. ಇಷ್ಟು ಕಂಪನಿಗಳಿಗೆ ಜನ ಬೇಕು’ ಎಂಬುದನ್ನು ‘ಶೇ. ಇಷ್ಟು ಕೆಲಸ ಖಾಲಿ ಇದೆ’ ಎಂದು ಓದಿಕೊಂಡರೆ ನಾಲ್ಕು ವೆಲ್ಡರ್‌ಗಳ ಜಾಗಕ್ಕೆ ನಾಲ್ಕು ಸಾವಿರ ಜನ ಸೂಟ್‌ಕೇಸ್ ಹಿಡಿದು ನಿಲ್ಲುತ್ತಾರೆ. ಆ ನಾಲ್ಕು ಹುದ್ದೆಗೆ ಎಸ್‌ಎಸ್‌ಎಲ್‌ಸಿ ‘ಸಾಕು’ ಎಂದು ಕಂಪನಿಯಂತೂ ಹೇಳಿರುವುದಿಲ್ಲ.

ಇಷ್ಟಾಗಿಯೂ ಕೊರತೆ ಸುಳ್ಳಲ್ಲ. ಹಂಗೇರಿಯ ಜನಸಂಖ್ಯೆ 1980ರ ದಶಕದ ಆರಂಭದಿಂದಲೇ ಇಳಿಯುತ್ತಿದೆ, ಈಗ ಒಂದು ಕೋಟಿಗಿಂತ ಕಡಿಮೆ. 2004ರಲ್ಲಿ ದೇಶ ಯುರೋಪಿಯನ್ ಒಕ್ಕೂಟ ಸೇರಿತು. 2011ರ ಮೇ ತಿಂಗಳಿಂದ ಜರ್ಮನಿ, ಆಸ್ಟ್ರಿಯಾಗಳೂ ಹಂಗೇರಿಯವರಿಗೆ ಕೆಲಸದ ಬಾಗಿಲು ಪೂರ್ತಿ ತೆರೆದವು. ಗಡಿಯ ಪಕ್ಕದ ಶೋಪ್ರೋನ್ ಊರಿನಿಂದ ಬೆಳಿಗ್ಗೆ ಆಸ್ಟ್ರಿಯಾಕ್ಕೆ ಹೋಗಿ ಸಂಜೆ ಮನೆಗೆ ಬರಬಹುದು, ಸಂಬಳ ಮಾತ್ರ ಯೂರೋದಲ್ಲಿ. ಇತ್ತ ಗ್ಯೋರ್‌ನಲ್ಲಿ ಆಡಿ, ಕೆಚ್ಕೆಮೇಟ್‌ನಲ್ಲಿ ಮರ್ಸಿಡಿಸ್, ಎಸ್ತೆರ್ಗೋಮ್‌ನಲ್ಲಿ ಸುಜುಕಿ ಕಾರ್ಖಾನೆಗಳಿಗೆ ಕೈಗಳು ಬೇಕು. 2010ರ ಹೊತ್ತಿಗೆ ಶೇ. 11ರಷ್ಟಿದ್ದ ನಿರುದ್ಯೋಗ 2019ಕ್ಕೆ ಶೇ. 4ಕ್ಕಿಂತ ಕೆಳಗಿಳಿದಿತ್ತು.

ಆದರೆ ‘ಜನ ಸಿಗುತ್ತಿಲ್ಲ’ ಎಂದು ಕಂಪನಿ ಹೇಳಿದಾಗ ‘ನಾವು ಕೊಡುವ ಸಂಬಳಕ್ಕೆ’ ಎಂಬ ಮೂರು ಪದಗಳು ಅದರಲ್ಲಿ ಅಡಗಿರುತ್ತವೆ. ಸಮೀಕ್ಷೆಯ ಆ ಪ್ರಶ್ನೆ ಸಂಬಳ ಎಷ್ಟೆಂದು ಕೇಳುವುದಿಲ್ಲ. 2017ರಲ್ಲಿ ಅಲ್ಲಿ ಕನಿಷ್ಠ ವೇತನ ಒಮ್ಮೆಗೇ ಶೇ. 15, ನುರಿತ ಕೆಲಸಗಾರರ ಕನಿಷ್ಠ ವೇತನ ಶೇ. 25 ಏರಿತು. ಅಷ್ಟು ಏರಿಸಲು ಜಾಗವಿತ್ತು ಎಂದರೆ, ಅದಕ್ಕೆ ಮುಂಚೆ ಸಿಗದಿದ್ದದ್ದು ಜನರೋ ಸಂಬಳವೋ ಎಂದು ಕೇಳುವುದು ನ್ಯಾಯ ಎನಿಸುತ್ತದೆ.

ಆ 400 ಗಂಟೆ

ಕೊರತೆಯ ಇದೇ ಕೂಗಿನ ನಡುವೆ 2018ರ ಡಿಸೆಂಬರ್‌ನಲ್ಲಿ ಹಂಗೇರಿಯ ಸಂಸತ್ತು ಕಾರ್ಮಿಕ ಕಾನೂನನ್ನು ತಿದ್ದಿತು. ವರ್ಷದ ಓವರ್‌ಟೈಮ್ ಮಿತಿ ಮೊದಲು 250 ಗಂಟೆ, ಕಾರ್ಮಿಕ ಸಂಘದ ಜೊತೆ ಒಪ್ಪಂದವಿದ್ದರೆ 300. ತಿದ್ದುಪಡಿಯ ನಂತರ, ಕೆಲಸಗಾರ ಬರವಣಿಗೆಯಲ್ಲಿ ಒಪ್ಪಿದರೆ ಅದು 400ರವರೆಗೆ ಹೋಗಬಹುದು. ಹಾಗಾಗಿ ‘ಕಡ್ಡಾಯ’ ಎಂಬ ಪದ ತಪ್ಪು. ‘ಗುಲಾಮರ ಕಾನೂನು’ ಎಂಬುದು ಕಾನೂನಿನ ಹೆಸರೂ ಅಲ್ಲ, ಬುಡಾಪೆಸ್ಟ್‌ನ ಚಳಿಯಲ್ಲಿ ಬೀದಿಗಿಳಿದ ಪ್ರತಿಭಟನಾಕಾರರು ಇಟ್ಟ ಹೆಸರು.

ಹಾಗೆಂದು ಅವರ ಸಿಟ್ಟಿಗೆ ಕಾರಣವಿರಲಿಲ್ಲ ಎಂದಲ್ಲ. 400 ಗಂಟೆಯನ್ನು ದಿನಕ್ಕೆ 8 ಗಂಟೆಯಂತೆ ಭಾಗಿಸಿದರೆ 50 ದಿನ. ಐದು ದಿನದ ವಾರ ಹೆಚ್ಚುಕಡಿಮೆ ವರ್ಷಪೂರ್ತಿ ಆರು ದಿನದ ವಾರವಾಗುತ್ತದೆ. ಸಂಘದ ಒಪ್ಪಂದವಿದ್ದಲ್ಲಿ ಕೆಲಸದ ಗಂಟೆಗಳ ಲೆಕ್ಕವನ್ನು ಮೂರು ವರ್ಷದವರೆಗೆ ಹಿಗ್ಗಿಸಲೂ ಅವಕಾಶ ಕೊಟ್ಟರು. ದುಡಿದ ಹೆಚ್ಚುವರಿ ಗಂಟೆಗೆ ದುಡ್ಡು ಯಾವಾಗ ಎಂಬ ಆತಂಕ ಅಲ್ಲಿಂದ ಬಂತು. ಇನ್ನು ಒಪ್ಪಿಗೆಯ ಮಾತು. ಸಾಹೇಬರು ಮುಂದೆ ಕಾಗದ ಹಿಡಿದಾಗ ಎಷ್ಟು ಜನ ಸಹಿ ಹಾಕುವುದಿಲ್ಲ ಎನ್ನುತ್ತಾರೆ?

ಕಂಪನಿ ಸಮೀಕ್ಷೆಗಳ ದೊಡ್ಡ ಮಿತಿ ಇಲ್ಲೇ ಇದೆ. ಉತ್ತರ ಕೊಡುವವರು ಮಾಲೀಕರು ಅಥವಾ ಎಚ್‌ಆರ್ ವಿಭಾಗದವರು. ‘ನಿಮ್ಮಲ್ಲಿ ಓವರ್‌ಟೈಮ್ ಸ್ವಇಚ್ಛೆಯದೇ’ ಎಂದರೆ ಹೌದು ಎಂದೇ ಬರುತ್ತದೆ. ಸಂಬಳದ ವಿಷಯ ಇನ್ನೂ ಸೂಕ್ಷ್ಮ. ಕಾಗದದಲ್ಲಿ ಕನಿಷ್ಠ ವೇತನ ತೋರಿಸಿ ಉಳಿದದ್ದನ್ನು ಲಕೋಟೆಯಲ್ಲಿ ಕೊಡುವ ಪದ್ಧತಿ ಹಂಗೇರಿಯಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ನೀವು ಹಾಗೆ ಮಾಡುತ್ತೀರಾ ಎಂದು ಕೇಳಿದರೆ ಯಾರು ಹೌದು ಎನ್ನುತ್ತಾರೆ? ಅದಕ್ಕೇ ಅಲ್ಲಿನ ಅರ್ಥಶಾಸ್ತ್ರಜ್ಞರು ನೇರ ಪ್ರಶ್ನೆ ಬಿಟ್ಟು ಸಂಬಳದ ದಾಖಲೆಗಳಲ್ಲಿ ಸುಳಿವು ಹುಡುಕಿದರು: ಸರಿಯಾಗಿ ಕನಿಷ್ಠ ವೇತನದ ಗೆರೆಯ ಮೇಲೆಯೇ ಅಷ್ಟೊಂದು ಜನ ಗುಂಪುಗೂಡಿರುವುದೇಕೆ?

ಯಾರನ್ನು ಕೇಳಿದರು ಎಂಬುದೂ ಮುಖ್ಯ. ಹಂಗೇರಿಯ ಉದ್ಯಮಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು, ಹತ್ತು ಜನರೂ ಇಲ್ಲದ ಪುಟ್ಟ ಅಂಗಡಿ, ವರ್ಕ್‌ಶಾಪ್‌ಗಳು. ಸಮೀಕ್ಷೆಗಳು ಹೆಚ್ಚಾಗಿ ಮಾತಾಡಿಸುವುದು ಅದಕ್ಕಿಂತ ದೊಡ್ಡವರನ್ನು. ಕೆಎಸ್‌ಎಚ್ ಪ್ರಕಟಿಸುತ್ತಿದ್ದ ಸರಾಸರಿ ಸಂಬಳದ ತಿಂಗಳ ಅಂಕಿಯೂ ಬಹಳ ಕಾಲ ಕನಿಷ್ಠ 5 ಜನರಿರುವ ಉದ್ಯಮಗಳದಾಗಿತ್ತು. 2019ರಿಂದ ಅದು ಸರ್ಕಾರಿ ದಾಖಲೆಗಳಿಂದ ಲೆಕ್ಕ ಹಾಕುತ್ತಿದೆ. ಫಾರ್ವರ್ಡ್‌ನಲ್ಲಿ ‘ಹಂಗೇರಿಯ ಸರಾಸರಿ ಸಂಬಳ ಇಷ್ಟು’ ಎಂದು ಕಂಡರೆ ಅದು ಎಲ್ಲರನ್ನೂ ಸೇರಿಸಿದ ಸರಾಸರಿ, ಹೊಸದಾಗಿ ಹೋದ ಕೆಲಸಗಾರನಿಗೆ ಸಿಗುವ ಮೊತ್ತವಲ್ಲ ಎಂಬುದನ್ನೂ ನೋಡಿಕೊಳ್ಳಿ.

ಹಾಗಾದರೆ ಭಾರತದವರಿಗೆ ಕೆಲಸ ಇದೆಯೇ?

ಕೊರತೆ ಇದೆ ಎಂದು ಕಂಪನಿಗಳು ಹೇಳುವುದು ಒಂದು ವಿಷಯ, ಯಾರನ್ನು ಒಳಗೆ ಬಿಡಬೇಕು ಎಂದು ಸರ್ಕಾರ ತೀರ್ಮಾನಿಸುವುದು ಬೇರೆಯದೇ ವಿಷಯ. ಹೊರದೇಶದ ಕಾರ್ಮಿಕರಿಗೆ ಹಂಗೇರಿ ‘ಅತಿಥಿ ಕಾರ್ಮಿಕ’ ಎಂಬ ಪರವಾನಗಿ ಕೊಡುತ್ತದೆ. ಇದರಲ್ಲಿ ಹೋದವರು ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ, ಕುಟುಂಬವನ್ನು ಕರೆಸಿಕೊಳ್ಳುವಂತಿಲ್ಲ. 2024ಕ್ಕೆ 65,000 ಎಂದಿದ್ದ ಮಿತಿಯನ್ನು 2025ಕ್ಕೆ 35,000ಕ್ಕೆ ಇಳಿಸಿದರು. ಯಾವ ದೇಶದವರು ಅರ್ಜಿ ಹಾಕಬಹುದು ಎಂಬ ಪಟ್ಟಿಯನ್ನೂ 2025ರ ಆರಂಭದಲ್ಲಿ ಕತ್ತರಿಸಿದರು. ಆಗ ಉಳಿದದ್ದು ಜಾರ್ಜಿಯಾ ಮತ್ತು ಅರ್ಮೇನಿಯಾ, ಭಾರತ ಅದರಲ್ಲಿರಲಿಲ್ಲ. ಹೆಚ್ಚಿನ ಓದು, ಅನುಭವ ಇರುವವರಿಗೆ ಯುರೋಪಿನ ಬ್ಲೂ ಕಾರ್ಡ್‌ನಂಥ ಬೇರೆ ದಾರಿಗಳಿವೆ, ಆದರೆ ಅವು ‘ಎಸ್‌ಎಸ್‌ಎಲ್‌ಸಿ ಸಾಕು’ ಎನ್ನುವವರ ದಾರಿಯಲ್ಲ. ಪಟ್ಟಿ, ಮಿತಿ ಎರಡೂ ಬದಲಾಗುತ್ತಿರುತ್ತವೆ. ಹಾಗಾಗಿ ಸಮೀಕ್ಷೆಯ ಅಂಕಿ ಎಷ್ಟೇ ದೊಡ್ಡದಿರಲಿ, ಮೊದಲು ನೋಡಬೇಕಾದದ್ದು ಹಂಗೇರಿಯ ವಲಸೆ ಇಲಾಖೆಯ ಅಥವಾ ದೆಹಲಿಯ ರಾಯಭಾರ ಕಚೇರಿಯ ಈಗಿನ ನಿಯಮವನ್ನು.

ಯಾರಾದರೂ ದುಡ್ಡು ಕೇಳಿದರೆ, ಅವರ ಹೆಸರು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿರುವ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿದೆಯೇ ಎಂದು ಹುಡುಕಿ. ನೋಂದಾಯಿತ ಏಜೆಂಟರು ಒಬ್ಬ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿಯನ್ನೂ ಕೊಡಬೇಕು. ‘ಮೂರು ಲಕ್ಷ ಕಟ್ಟಿ, ಸೀಟು ಬುಕ್ ಆಗುತ್ತದೆ’ ಎಂಬ ಸಂದೇಶ ಬಂದರೆ ಇಷ್ಟನ್ನು ಅದರ ಕೆಳಗೇ ಉತ್ತರವಾಗಿ ಹಾಕಿ.