ಸಹಿ ಯಾರದು ಎಂದು ಕೇಳೋಣ

ಹೋದ ತಿಂಗಳು ಒಂದು ಬೆಳಗ್ಗೆ ನಮ್ಮ ಬೀದಿಯ ತಿರುವಿನಲ್ಲಿ ಸೊಪ್ಪು ಮಾರುವ ಅಜ್ಜಿಯ ಮುಂದೆ ಪಾಲಿಕೆಯ ಗಾಡಿ ಬಂದು ನಿಂತಿತು. ಇಬ್ಬರು ಇಳಿದರು. ಗೋಣಿತಾಟಿನ ಮೇಲೆ ಜೋಡಿಸಿಟ್ಟಿದ್ದ ದಂಟು, ಮೆಂತ್ಯ, ಸಬ್ಬಸಿಗೆಯ ಕಟ್ಟುಗಳನ್ನು ಬಾಚಿ ಗಾಡಿಗೆ ತುಂಬಿದರು. ಗೋಣಿತಾಟನ್ನೂ ಬಿಡಲಿಲ್ಲ. ಅಜ್ಜಿ ಕೇಳಿದ್ದು ಒಂದೇ ಮಾತು: “ಯಾರು ಹೇಳಿದ್ರಪ್ಪಾ ನಿಮಗೆ?” “ಮೇಲಿಂದ ಆರ್ಡರ್ ಆಗಿದೆ ಅಜ್ಜಿ” ಅಂದರು, ಹೊರಟರು. ಚೀಟಿ ಇಲ್ಲ, ರಸೀದಿ ಇಲ್ಲ.

ಆ ‘ಮೇಲು’ ಎಲ್ಲಿದೆ ಎಂದು ಹುಡುಕಿಕೊಂಡು ಅಜ್ಜಿಯ ಜೊತೆ ನಾನೂ ಹೋದೆ. ವಾರ್ಡ್ ಕಚೇರಿಯವರು ವಲಯ ಕಚೇರಿಗೆ ಕಳಿಸಿದರು. ವಲಯ ಕಚೇರಿಯಲ್ಲಿ ಕಮಿಷನರ್ ಸಾಹೇಬರ ಆದೇಶ ಅಂದರು. ಮುಖ್ಯ ಕಚೇರಿಯಲ್ಲಿ ಗುಮಾಸ್ತರೊಬ್ಬರು ಕಡತಗಳನ್ನು ತಿರುವಿಹಾಕಿ, “ಹಳೇ ಕೌನ್ಸಿಲ್ ನಿರ್ಣಯ ಇರಬೇಕು ನೋಡಿ” ಅಂದರು. ಆದೇಶದ ಪ್ರತಿ ಯಾರ ಮೇಜಿನ ಮೇಲೂ ಇರಲಿಲ್ಲ. ಕತ್ತಲಾಗುವ ಹೊತ್ತಿಗೆ ಸೊಪ್ಪು ಬಾಡಿ ಹೋಗಿತ್ತು. ಅಜ್ಜಿ ಅದನ್ನು ತಂದಿದ್ದು ಸಾಲದ ದುಡ್ಡಿನಲ್ಲಿ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನು ಹೇಳುತ್ತದೆ ಎಂದು ಮನೆಗೆ ಬಂದು ಓದಿದೆ. ಎಬ್ಬಿಸುವ ಮುನ್ನ 30 ದಿನಗಳ ನೋಟಿಸ್ ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಮಾಡಬೇಕು. ಹಾಗೆ ಮಾಡಲು ಅಧಿಕಾರ ಪಡೆದವರೇ ಅದಕ್ಕೆ ಸಹಿ ಹಾಕಿ ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಕೆಡುವಂಥ ಪದಾರ್ಥವಾದರೆ ವ್ಯಾಪಾರಿ ಕೇಳಿದ ದಿನವೇ ಬಿಡಬೇಕು, ಕೆಡದ ವಸ್ತುವನ್ನು ಎರಡು ಕೆಲಸದ ದಿನಗಳೊಳಗೆ. ಸೊಪ್ಪು ಒಂದು ಹಗಲು ಬಾಳುವ ಪದಾರ್ಥ ಎಂಬುದು ಈ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಆ ದಿನ ನಾವು ಅಲೆದ ಮೂರು ಕಚೇರಿಗಳಲ್ಲಿ ಒಬ್ಬರೂ ಅದನ್ನು ಹೇಳಲಿಲ್ಲ.

ಅಧಿಕಾರವನ್ನು ಕೆಳಗೆ ವಹಿಸಿಕೊಡುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಒಂದೊಂದು ಚರಂಡಿಗೂ, ಒಂದೊಂದು ಲೈಸೆನ್ಸಿಗೂ ಪಾಲಿಕೆಯ ಸಭೆ ಸೇರಬೇಕೆಂದರೆ ಊರು ನಡೆಯುವುದಿಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ಪಾಲಿಕೆಯ ಅಧಿಕಾರವನ್ನು ಮೂರು ಕಡೆ ಇಟ್ಟಿದೆ: ಚುನಾಯಿತ ಸದಸ್ಯರ ಪಾಲಿಕೆ, ಅದರ ಸ್ಥಾಯಿ ಸಮಿತಿಗಳು, ಸರ್ಕಾರ ನೇಮಿಸುವ ಕಮಿಷನರ್. ಕಮಿಷನರಿಂದ ಅದು ವಲಯದ ಅಧಿಕಾರಿಗಳಿಗೆ, ಆರೋಗ್ಯಾಧಿಕಾರಿಗೆ, ಎಂಜಿನಿಯರಿಗೆ, ಕೊನೆಗೆ ಗಾಡಿಯಿಂದ ಇಳಿದ ಆ ಇಬ್ಬರ ಕೈಗೆ ಇಳಿಯುತ್ತದೆ. ಇಳಿಯಲಿ. ಆದರೆ ಪ್ರತಿ ಮೆಟ್ಟಿಲಲ್ಲೂ ಒಂದು ಕಾಗದ ಇರಬೇಕು: ಯಾರು, ಯಾರಿಗೆ, ಯಾವ ಕೆಲಸಕ್ಕೆ, ಎಲ್ಲಿಯವರೆಗೆ ಕೊಟ್ಟರು ಎಂದು. ಆ ಕಾಗದ ಇಲ್ಲದಿದ್ದರೆ ದಂಡ ಹಾಕುವ ಕೈ ಮಾತ್ರ ನಮಗೆ ಕಾಣುತ್ತದೆ, ಉತ್ತರ ಕೊಡಬೇಕಾದವರು ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಆತಂಕ ಇನ್ನೊಂದಿದೆ. ಕೌನ್ಸಿಲ್ಲೇ ಇಲ್ಲದ ಊರಿನಲ್ಲಿ ಅಧಿಕಾರ ಎಲ್ಲಿಂದ ಇಳಿಯುತ್ತದೆ? ಬೆಂಗಳೂರನ್ನೇ ನೋಡಿ. ಅಲ್ಲಿನ ಪಾಲಿಕೆಯಾಗಿದ್ದ ಬಿಬಿಎಂಪಿಯ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅವರ ಜಾಗಕ್ಕೆ ಬಂದವರು ಸರ್ಕಾರದ ಆಡಳಿತಾಧಿಕಾರಿ. ಐದು ವರ್ಷ, ಅಂದರೆ ಒಂದು ಕೌನ್ಸಿಲಿನ ಪೂರ್ತಿ ಆಯುಷ್ಯ, ಹಾಗೆಯೇ ಕಳೆಯಿತು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆ ಐದಾಯಿತು. ಐದೂ ಹುಟ್ಟಿದ್ದು ಚುನಾಯಿತ ಸದಸ್ಯರಿಲ್ಲದೆ. ಮೈಸೂರಿನ ಪಾಲಿಕೆಯ ಅವಧಿಯೂ 2023ರ ನವೆಂಬರಿನಲ್ಲಿ ಮುಗಿದು, ಅಲ್ಲಿಗೂ ಆಡಳಿತಾಧಿಕಾರಿ ಬಂದರು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಮೊಕದ್ದಮೆಯಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತವಾಗಿ ಹೇಳಿತು. ಆಡಳಿತಾಧಿಕಾರಿ ದಕ್ಷರಿರಬಹುದು, ಪ್ರಾಮಾಣಿಕರೂ ಇರಬಹುದು. ಆದರೂ ಅಧಿಕಾರ ವಹಿಸುವವರು, ವಹಿಸಿಕೊಳ್ಳುವವರು, ಅದನ್ನು ಪ್ರಶ್ನಿಸಬೇಕಾದವರು ಎಲ್ಲರೂ ಒಂದೇ ಸರ್ಕಾರದ ನೇಮಕದವರಾದಾಗ ಅಜ್ಜಿಯ ಪರವಾಗಿ ಸಭೆಯಲ್ಲಿ ಎದ್ದು ನಿಲ್ಲುವವರು ಯಾರು? ನಮ್ಮ ಊರಿನಲ್ಲಂತೂ ಯಾರೂ ಇರಲಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ, ಬಂಧುಗಳೇ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿಗೆ ವಾರ್ಡ್ ಸಮಿತಿ ಬೇಕೇ ಬೇಕು ಎಂದು 1993ರ ಜೂನ್ 1ರಂದು ಜಾರಿಗೆ ಬಂದ 74ನೇ ತಿದ್ದುಪಡಿ ಹೇಳಿದೆ. ನಮ್ಮ ರಾಜ್ಯದ ಕಾನೂನು ಸಮಿತಿಗೆ ಹತ್ತು ಜನರನ್ನು ನೇಮಿಸಿ, ಅವರಲ್ಲಿ ಕನಿಷ್ಠ ಮೂವರು ಹೆಂಗಸರಿರಲಿ, ನಿವಾಸಿಗಳ ಸಂಘದವರೂ ಇರಲಿ ಎಂದಿದೆ. ನಮ್ಮ ವಾರ್ಡಿನ ಸಮಿತಿಯಲ್ಲಿ ಯಾರಿದ್ದರು ಎಂದು ನಮ್ಮ ಬೀದಿಯ ಮನೆಗಳಲ್ಲಿ ವಿಚಾರಿಸಿದೆ. ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನೀರು ಬರದ ದಿನ, ಕಸದ ಗಾಡಿ ಬಾರದ ದಿನ ಎಲ್ಲರ ಬಾಯಿಗೂ ಪಾಲಿಕೆ ಬರುತ್ತದೆ. ಸಭೆ ಇರುವ ದಿನ ಕುರ್ಚಿಗಳು ಖಾಲಿ.

ಅದಕ್ಕೇ ಈ ಮನವಿ. ನಿಮ್ಮ ಬೀದಿಯಲ್ಲಿ ಯಾರಿಗಾದರೂ ದಂಡ ಹಾಕಿದರೆ, ಯಾರ ಗಾಡಿಯನ್ನಾದರೂ ಎತ್ತಿಕೊಂಡು ಹೋದರೆ, ಒಂದು ನಿಮಿಷ ನಿಲ್ಲಿ. ಕೂಗಾಡುವುದು ಬೇಡ, ಬಂದವರೂ ಸಂಬಳಕ್ಕೆ ದುಡಿಯುವವರೇ, ಎಷ್ಟೋ ಸಲ ಗುತ್ತಿಗೆಯವರು. “ಆದೇಶದ ಪ್ರತಿ ಇದೆಯಾ, ಪಟ್ಟಿ ಕೊಡ್ತೀರಾ, ಸಹಿ ಯಾರದು?” ಎಂದು ಸಮಾಧಾನವಾಗಿ ಕೇಳಿ. ವಾರ್ಡ್ ಸಮಿತಿ ಸಭೆ ಯಾವಾಗ ಎಂದು ತಿಳಿದುಕೊಂಡು ಹೋಗಿ ಕುಳಿತುಕೊಳ್ಳಿ. ಚುನಾವಣೆ ಆಗದ ಊರಿನವರಾದರೆ ನಿಮ್ಮ ಶಾಸಕರಿಗೆ ಬರೆಯಿರಿ, ಉತ್ತರ ಬರುವವರೆಗೂ ಬರೆಯಿರಿ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾವ ಅಧಿಕಾರಿಗೆ ಯಾವ ಅಧಿಕಾರ, ಯಾವ ಕರ್ತವ್ಯ ಎಂಬುದನ್ನು ಪ್ರತಿ ಕಚೇರಿಯೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲವೆಂದರೆ ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು; 30 ದಿನಗಳೊಳಗೆ ಉತ್ತರಿಸಬೇಕು. ನಮ್ಮ ವಾರ್ಡಿನಲ್ಲಿ ಸರಕು ವಶಪಡಿಸಿಕೊಳ್ಳುವ ಅಧಿಕಾರ ಯಾರಿಗಿದೆ, ಯಾವ ಆದೇಶದ ಮೇಲೆ, ಅದರ ದಿನಾಂಕ ಯಾವುದು ಎಂದು ಕೇಳಿ ನಾನು ನನ್ನ ಅರ್ಜಿಯನ್ನು ಕೊಟ್ಟಿದ್ದೇನೆ. ನಿಮ್ಮ ವಾರ್ಡಿನದನ್ನು ದಯವಿಟ್ಟು ಈ ವಾರವೇ ನೀವು ಕೊಡಿ.