ಮಹಾಕಮರಿಯಲ್ಲಿ ಓಟ ಸಲ್ಲುವುದೆ?

ಅಮೆರಿಕದ ಅರಿಜೋನಾ ಸಂಸ್ಥಾನದ ಮರುಭೂಮಿಯನ್ನು ಕೊಲರಾಡೊ ನದಿಯು ಯುಗಯುಗಾಂತರಗಳಿಂದ ಕೊರೆಯುತ್ತ ಬಂದು ನಿರ್ಮಿಸಿರುವ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಮಹಾಕಮರಿಯು 446 ಕಿಲೋಮೀಟರು ಉದ್ದವೂ ಒಂದೂವರೆ ಕಿಲೋಮೀಟರಿಗೆ ಮಿಗಿಲಾದ ಆಳವೂ ಉಳ್ಳದ್ದು. ಅದರ ದಕ್ಷಿಣದ ಅಂಚಿನಿಂದ ತಳಕ್ಕಿಳಿದು, ನದಿಯನ್ನು ದಾಟಿ, ಉತ್ತರದ ಅಂಚನ್ನೇರಿ, ಅಲ್ಲಿ ನಿಲ್ಲದೆ ಹಿಂದಿರುಗಿ, ಹೊರಟ ಅಂಚನ್ನೇ ಮತ್ತೆ ಸೇರುವ ಸುಮಾರು 70 ಕಿಲೋಮೀಟರಿನ ಹಾದಿಯನ್ನು ಒಂದೇ ದಿನದಲ್ಲಿ ಓಡಿ ಮುಗಿಸುವುದು ದೂರದ ಓಟಗಾರರಲ್ಲಿ ಈಗ ಬಹುಜನರ ಹಂಬಲವಾಗಿದೆ. ಇದು ಪಂದ್ಯವಲ್ಲ, ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಏರಿಕೆಗಳನ್ನೆಲ್ಲ ಕೂಡಿಸಿದರೆ 3,000 ಮೀಟರಿಗೂ ಹೆಚ್ಚಾಗುವ ಈ ಓಟಕ್ಕೆ ಇಂತಹ ನೆಲದಲ್ಲಿ ಎಡೆಕೊಡುವುದು ಉಚಿತವೆ, ಅನುಚಿತವೆ ಎಂಬುದೇ ಇಲ್ಲಿಯ ಪ್ರಶ್ನೆ.

ಪರ

ಇಂತಹ ವನ್ಯನೆಲದಲ್ಲಿ ಓಡುವುದು ಪ್ರಕೃತಿಗೆ ಎಸಗುವ ಅಗೌರವವೆಂದು ಭಾವಿಸುವವರು ಮೊದಲು ಆ ನೆಲದ ಮೂಲನಿವಾಸಿಗಳ ಕಡೆಗೆ ದೃಷ್ಟಿ ಹರಿಸಬೇಕು. ಕಮರಿಯ ಪೂರ್ವಕ್ಕೆ, ಚಪ್ಪಟೆ ನೆತ್ತಿಯ ಬೆಟ್ಟಗಳ ಮೇಲೆ ಊರು ಕಟ್ಟಿಕೊಂಡಿರುವ ಹೋಪಿ ಜನರಿಗೆ ಓಟವು ಕ್ರೀಡೆಯಾಗುವುದಕ್ಕೆ ಬಹು ಹಿಂದೆಯೇ ವ್ರತವಾಗಿತ್ತು. ಮಳೆ ಬರಲಿ, ಮುಸುಕಿನ ಜೋಳ ಬೆಳೆಯಲಿ ಎಂದು ನಸುಕಿನಲ್ಲಿ ಓಡುವ ಪದ್ಧತಿ ಅವರಲ್ಲಿ ಇಂದಿಗೂ ಉಂಟು. ಕೊಲರಾಡೊ ಮತ್ತು ಲಿಟಲ್ ಕೊಲರಾಡೊ ನದಿಗಳ ಸಂಗಮದ ಸಮೀಪದಲ್ಲಿರುವ ಉಪ್ಪಿನ ನೆಲೆಗೆ ಅವರ ಯುವಕರು ದೂರದ ಹಾದಿ ಸವೆಸಿ ಹೋಗಿಬರುತ್ತಿದ್ದುದು ದೀಕ್ಷೆಯೆನಿಸಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರು ಓಟದ ಬೆಳ್ಳಿಪದಕವನ್ನು ಗೆದ್ದ ಲೂಯಿಸ್ ಟೆವಾನಿಮ ಈ ಜನಾಂಗದವನೇ. ಕಮರಿಯನ್ನು ಕಾಲಿನಿಂದ, ಅದೂ ವೇಗವಾದ ಕಾಲಿನಿಂದ ಅರಿಯುವ ಸಂಪ್ರದಾಯಕ್ಕೆ ಅಲ್ಲಿ ಶತಮಾನಗಳ ಇತಿಹಾಸವಿರುವಾಗ, ಓಟವನ್ನು ಹೊರಗಿನಿಂದ ಬಂದ ಹೊಸ ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಾಗಲಾರದು.

ಇನ್ನು ಹಾನಿಯ ಮಾತು. ಓಟಗಾರನು ಗುಡಾರ ಹೂಡುವುದಿಲ್ಲ, ಬೆಂಕಿ ಹಚ್ಚುವುದಿಲ್ಲ. ಬೆನ್ನಿಗಂಟಿದ ಸಣ್ಣ ಚೀಲದಲ್ಲಿ ನೀರನ್ನೂ ಹಿಡಿಯಷ್ಟು ತಿನಿಸನ್ನೂ ಹೊತ್ತು, ಬಂದ ದಿನವೇ ಹೊರಟುಹೋಗುತ್ತಾನೆ. ಅವನು ತುಳಿಯುವ ದಾರಿಗಳು ಹೊಸದಾಗಿ ಕಡಿದವಲ್ಲ. ಹೇಸರಗತ್ತೆಗಳ ಸಾಲು ದಿನವೂ ಇಳಿದೇರುವ, ಮರದ ದಿಮ್ಮಿಗಳನ್ನು ಮೆಟ್ಟಿಲಾಗಿ ಹೂತಿರುವ ಹಳೆಯ ದಾರಿಗಳೇ. 1964ರಲ್ಲಿ ಅಮೆರಿಕದ ಶಾಸನಸಭೆಯು ವನ್ಯಪ್ರದೇಶಗಳ ರಕ್ಷಣೆಗೆಂದು ಮಾಡಿದ ಕಾನೂನು ಬಹಿಷ್ಕರಿಸಿದುದು ಮೋಟಾರು ವಾಹನಗಳನ್ನು, ಯಾಂತ್ರಿಕ ಸಾಗಣೆಯನ್ನು, ವಾಣಿಜ್ಯೋದ್ಯಮವನ್ನು. ತನ್ನ ದೇಹಬಲವೊಂದನ್ನೇ ನಂಬಿ ಬರುವ ಮನುಷ್ಯನಿಗಾಗಿಯೇ ಅಂತಹ ನೆಲವನ್ನು ಮೀಸಲಿಟ್ಟರೆಂದರೂ ತಪ್ಪಾಗದು. ಪ್ರವಾಸಿಗಳನ್ನು ಹೊತ್ತು ಕಮರಿಯ ಮೇಲೆ ಗುಡುಗುತ್ತ ಸುತ್ತುವ ಹೆಲಿಕಾಪ್ಟರುಗಳಿಗೆ ಅವಕಾಶವಿದ್ದು, ಸದ್ದಿಲ್ಲದ ಕಾಲುಗಳಿಗೆ ತಡೆಯೊಡ್ಡುವುದು ಎಂತಹ ವಿವೇಕ?

ಓಡುವವನು ಏನನ್ನೂ ಕಾಣನೆಂಬ ಮಾತೂ ನಿಲ್ಲುವುದಿಲ್ಲ. ಅಂಚಿನಲ್ಲಿ ಸುಮಾರು 27 ಕೋಟಿ ವರ್ಷ ಹಳೆಯ, ಬೆಳ್ಳಗಿನ ಕೈಬಾಬ್ ಸುಣ್ಣಕಲ್ಲು. ಅದರ ಕೆಳಗೆ ಕೆಂಪು, ಹಸಿರು, ಊದಾ ಬಣ್ಣದ ಪದರುಗಳು. ತಳದಲ್ಲಿ ಸುಮಾರು 170 ಕೋಟಿ ವರ್ಷದ ಕರಿಯ ವಿಷ್ಣುಶಿಲೆ. ಹೌದು, ವಿಷ್ಣುವೇ, ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮೋಜಣಿ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಕಮರಿಯೊಳಗಿನ ಶಿಖರಗಳಿಗೆ ವಿಷ್ಣು, ಶಿವರ ಹೆಸರುಗಳನ್ನಿಟ್ಟನು. ಈ ಅನಂತ ಕಾಲರಾಶಿಯನ್ನು ಒಂದು ಬೆಳಗಿನ ಉಸಿರಿನಲ್ಲಿ ಹಾದುಹೋಗುವ ಅನುಭವವು ಅಂಚಿನ ಕಟಕಟೆಗೆ ಒರಗಿ ಚಿತ್ರ ತೆಗೆದುಕೊಂಡು ಹೋಗುವವನಿಗೆ ಎಂದೂ ದಕ್ಕದು. 2016ರ ಅಕ್ಟೋಬರಿನಲ್ಲಿ ಜಿಮ್ ವಾಮ್‌ಸ್ಲಿ ಎಂಬ ಓಟಗಾರನು ಈ ಇಡೀ ಹಾದಿಯನ್ನು 5 ಗಂಟೆ 55 ನಿಮಿಷ 20 ಸೆಕೆಂಡುಗಳಲ್ಲಿ ಕ್ರಮಿಸಿದನೆಂದು ಕೇಳಿದಾಗ ಮನುಷ್ಯಶರೀರದ ವಿಷಯದಲ್ಲಿ ನಮಗೆ ಗೌರವ ಹೆಚ್ಚುವುದಲ್ಲದೆ ಕಮರಿಯ ಮಹಿಮೆ ಎಳ್ಳಷ್ಟೂ ಕುಗ್ಗುವುದಿಲ್ಲ.

ವಿರೋಧ

ಪರ್ವತವನ್ನೇರುವವನಿಗೆ ಪರ್ವತವೇ ಎಚ್ಚರಿಕೆ ಕೊಡುತ್ತದೆ. ಕಷ್ಟ ಮೊದಲು, ಸುಲಭ ಆಮೇಲೆ. ದಣಿದವನು ಎಲ್ಲಿ ತಿರುಗಿದರೂ ಮನೆಯ ದಾರಿ ಇಳಿಜಾರಿನದು. ಕಮರಿಯಲ್ಲಿ ಈ ಧರ್ಮವು ತಲೆಕೆಳಗಾಗಿದೆ. ಮುಂಜಾನೆಯ ತಂಪಿನಲ್ಲಿ, ಹೊಸ ಬಲದಲ್ಲಿ, ದಕ್ಷಿಣ ಕೈಬಾಬ್ ದಾರಿಯ 11 ಕಿಲೋಮೀಟರುಗಳಲ್ಲಿ ಸುಮಾರು 1,450 ಮೀಟರು ಕೆಳಗಿಳಿಯುವವನಿಗೆ ತಾನು ಅಜೇಯನೆಂಬ ಭ್ರಾಂತಿ ಹುಟ್ಟುವುದು ಸಹಜ. ಆ ದಾರಿಯುದ್ದಕ್ಕೂ ಒಂದು ತೊಟ್ಟು ನೀರಿಲ್ಲ. ತಳವನ್ನು ಮುಟ್ಟಿದ ಮೇಲೆ ನೆತ್ತಿಯ ಸೂರ್ಯನೂ, ದಣಿದ ತೊಡೆಗಳೂ, ಎದುರಿನ 1,750 ಮೀಟರು ಏರಿಕೆಯೂ ಒಟ್ಟಿಗೆ ಅವನನ್ನು ಸಂಧಿಸುತ್ತವೆ; ಅದನ್ನು ಮುಗಿಸಿದರೂ ಇದೇ ಲೆಕ್ಕವನ್ನು ಇನ್ನೊಮ್ಮೆ ತೀರಿಸಬೇಕು.

ನದಿಯಿಂದ ಉತ್ತರಕ್ಕೆ ಹೋಗುವ ದಾರಿಯು ಮೊದಲಲ್ಲಿಯೇ ಒಂದು ಇಕ್ಕಟ್ಟಾದ ಕಣಿವೆಯನ್ನು ಹೊಗುತ್ತದೆ. ಎರಡು ಪಕ್ಕದಲ್ಲಿಯೂ ಅದೇ ಕರಿಯ ವಿಷ್ಣುಶಿಲೆಯ ಗೋಡೆಗಳು. ಬೇಸಿಗೆಯ ಬಿಸಿಲನ್ನು ಹೀರಿಕೊಂಡ ಆ ಬಂಡೆಗಳು ಕಾದ ಹೆಂಚಿನಂತೆ ಝಳವನ್ನು ಹೊರಸೂಸುವಾಗ ನೆರಳಿನಲ್ಲಿಯೂ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ಮೀರುವುದುಂಟು. ಗಾಳಿ ಎಷ್ಟು ಶುಷ್ಕವೆಂದರೆ ಬೆವರು ಕಣ್ಣಿಗೆ ಬೀಳುವ ಮೊದಲೇ ಆರಿಹೋಗುತ್ತದೆ. ಒದ್ದೆಯಾಗದ ಅಂಗಿಯ ಮೇಲೆ ಬಿಳಿಯ ಉಪ್ಪಿನ ಗೆರೆಗಳು ಮೂಡಿದಾಗಲೇ ದೇಹ ಕಳೆದುಕೊಂಡುದೆಷ್ಟೆಂಬುದು ತಿಳಿಯಬೇಕು. ಹೆದರಿ ಬರಿಯ ನೀರನ್ನೇ ಕುಡಿಯುತ್ತ ಹೋದವನಿಗೆ ಇನ್ನೊಂದು ವಿಪತ್ತು ಕಾದಿರುತ್ತದೆ: ರಕ್ತದಲ್ಲಿನ ಲವಣಾಂಶ ತಗ್ಗಿ, ತಲೆಗೆ ಮಂಕು ಕವಿದು, ಸೆಳವು ಬರುತ್ತದೆ. ಅಲ್ಲಲ್ಲಿ ನಲ್ಲಿಗಳಿವೆಯೆಂಬ ಸಮಾಧಾನವೂ ಪೂರ್ತಿ ನಂಬತಕ್ಕದ್ದಲ್ಲ. ಅವುಗಳಿಗೆ ನೀರೊದಗಿಸುವ, 1960ರ ದಶಕದಲ್ಲಿ ಹಾಕಲಾರಂಭಿಸಿದ ಕೊಳವೆಯು ಮತ್ತೆ ಮತ್ತೆ ಒಡೆಯುವುದು ಕಮರಿಯನ್ನು ನೋಡಿಕೊಳ್ಳುವ ರಾಷ್ಟ್ರೀಯ ಉದ್ಯಾನದವರಿಗೆ ಬಲು ಹಳೆಯ ತಲೆನೋವು.

2004ರ ಜುಲೈನಲ್ಲಿ ಇಪ್ಪತ್ತನಾಲ್ಕು ವರ್ಷದ ತರುಣಿಯೊಬ್ಬಳು, ಅದೇ ವಸಂತದಲ್ಲಿ ಬಾಸ್ಟನ್ ಮ್ಯಾರಥಾನನ್ನು ಉತ್ತಮ ವೇಗದಲ್ಲಿ ಮುಗಿಸಿದವಳು, ಒಂದೂವರೆ ಲೀಟರು ನೀರನ್ನು ಹೊತ್ತು ಈ ಕಮರಿಯೊಳಗೆ ಓಡಹೋದಳು. ದೇಹದ ನೀರಾರಿ ಅಲ್ಲಿಯೇ ಅಸುನೀಗಿದಳು. ಅವಳಲ್ಲಿ ಶಕ್ತಿಯ ಕೊರತೆಯಿರಲಿಲ್ಲ. ಶಕ್ತಿಯಿದ್ದುದರಿಂದಲೇ ಸಾಮಾನ್ಯರು ಕಾಲಿಡಲಂಜುವ ದೂರಕ್ಕೆ ಅವಳು ಹೋಗಬಲ್ಲವಳಾದಳು. ಓಟವನ್ನು ಸಮರ್ಥಿಸುವವರು ದೇಹದಾರ್ಢ್ಯವನ್ನೇ ರಕ್ಷೆಯೆಂದು ಹೇಳುವಾಗ ಈ ಸಾವನ್ನು ನೆನೆಯಬೇಕು.

ಸಾಹಸಿಯ ಪ್ರಾಣ ಸಾಹಸಿಯದೇ ಅಲ್ಲವೆ ಎಂದರೆ, ಅಲ್ಲ. 1996ರ ಬೇಸಿಗೆಯ ಸಾವುಗಳನ್ನು ಕಂಡು ಉದ್ಯಾನದವರು ಮರುವರ್ಷವೇ ದಾರಿಗಳಲ್ಲಿ ಕಾವಲಾಳುಗಳನ್ನು ನಿಲ್ಲಿಸಿ, ಇಳಿಯುವವರನ್ನು ತಡೆದು, ನೀರೆಷ್ಟಿದೆ, ಉಪ್ಪಿನ ತಿನಿಸು ಇದೆಯೆ ಎಂದು ವಿಚಾರಿಸುವ ವ್ಯವಸ್ಥೆಯನ್ನು ಮಾಡಿದರು. ಅಷ್ಟಾದರೂ ಕುಸಿದವನನ್ನು ಎತ್ತಿ ತರಲು ಅದೇ ಸುಡುಬಿಸಿಲಿನಲ್ಲಿ ರೇಂಜರುಗಳು ನಡೆದಿಳಿಯಬೇಕು. ಕಾದು ತೆಳುವಾದ ಗಾಳಿಯಲ್ಲಿ ಎತ್ತುಬಲ ತಗ್ಗಿದ ಹೆಲಿಕಾಪ್ಟರನ್ನು ಬಂಡೆಗಳ ನಡುವೆ ಇಳಿಸಬೇಕು. ತನ್ನ ಗಡಿಯಾರದ ಅಂಕಿಗಾಗಿ ಅಪರಿಚಿತನ ಪ್ರಾಣವನ್ನು ಪಣಕ್ಕೊಡ್ಡುವ ಹಕ್ಕು ಯಾರಿಗೂ ಇಲ್ಲ.

ನ್ಯಾಯದ ಪ್ರಶ್ನೆಯೂ ಒಂದುಂಟು. ಕಮರಿಯಲ್ಲಿ ಒಂದು ರಾತ್ರಿ ಮಲಗಬಯಸುವವನು ತಿಂಗಳುಗಟ್ಟಲೆ ಮುಂಚೆ ಅರ್ಜಿ ಹಾಕಿ, ಮಿತಸಂಖ್ಯೆಯ ಅನುಮತಿಪತ್ರಗಳಲ್ಲಿ ಒಂದು ತನ್ನ ಪಾಲಿಗೆ ಬರಲೆಂದು ಕಾಯಬೇಕು. ಮಲಗದೆ ಓಡುವವನಿಗೆ ಅರ್ಜಿಯೂ ಇಲ್ಲ, ಮಿತಿಯೂ ಇಲ್ಲ. 2014ರಿಂದ ಸಂಘಟಿತ ಗುಂಪುಗಳಿಗೆ ಅನುಮತಿ ಕಡ್ಡಾಯವಾದರೂ, ಒಬ್ಬೊಬ್ಬರಾಗಿ ಬರುವವರನ್ನು ಆ ನಿಯಮ ಮುಟ್ಟುವುದಿಲ್ಲ. ಮೇ ಮತ್ತು ಅಕ್ಟೋಬರು ತಿಂಗಳ ವಾರಾಂತ್ಯಗಳಲ್ಲಿ ಓಟಗಾರರು ದಾರಿಯಲ್ಲಿ ಕಿಕ್ಕಿರಿಯುತ್ತಾರೆ; ಶೌಚಾಲಯಗಳ ಮುಂದೆ ಸಾಲು, ಹೇಸರಗತ್ತೆಗಳ ಸಾಲಿಗೆ ದಾರಿ ಬಿಟ್ಟು ನಿಲ್ಲಲು ತಾಳ್ಮೆಯಿಲ್ಲದವರ ನುಗ್ಗಾಟ, ಕಲ್ಲುಗಳ ಸಂದಿಯಲ್ಲಿ ತಿನಿಸಿನ ಹರಿದ ಪೊಟ್ಟಣ. ಹೋಪಿಗಳ ನಿದರ್ಶನವೂ ಇಲ್ಲಿ ಒದಗದು. ಅವರ ಓಟಕ್ಕೆ ಹಿರಿಯರ ಅಪ್ಪಣೆ ಇತ್ತು, ಚಿಲುಮೆಗಳ ನೆಲೆ ಬಾಯಿಂದ ಬಾಯಿಗೆ ಬಂದ ತಿಳಿವಾಗಿತ್ತು, ಓಡಿದ ಫಲ ಊರಿನ ಮಳೆಬೆಳೆಗೆ ಸಲ್ಲುತ್ತಿತ್ತು. ಬೇರೊಬ್ಬರ ವ್ರತವನ್ನು ತೋರಿಸಿ ತನ್ನ ದಾಖಲೆಗೆ ಪಾವಿತ್ರ್ಯವನ್ನು ಪಡೆಯಲಾಗದು.

ತೀರ್ಮಾನ

ಇವೆರಡನ್ನೂ ತೂಗಿ ನೋಡಿದಾಗ ಓಟವು ತಾನಾಗಿ ದೋಷವೆಂದು ನನಗೆ ತೋರುವುದಿಲ್ಲ. ದೇಹದ ಆನಂದವೂ ಪ್ರಕೃತಿಯ ಆರಾಧನೆಗೆ ಒಂದು ಮಾರ್ಗವೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಿಸಿಲಿನ ಮಾತಿಗೂ ಅನುಮತಿಯ ಮಾತಿಗೂ ಓಟದ ಪರವಾಗಿರುವವರು ಇದುವರೆಗೆ ಸಮರ್ಪಕವಾದ ಉತ್ತರ ಕೊಟ್ಟುದನ್ನು ನಾನು ಕಾಣೆ. ಆದಕಾರಣ ಜೂನಿನಿಂದ ಆಗಸ್ಟಿನವರೆಗೆ ಅಂಚಿನಿಂದ ಅಂಚಿಗೆ ಓಡುವುದನ್ನು ಪೂರ್ಣವಾಗಿ ನಿಲ್ಲಿಸಬೇಕು. ಉಳಿದ ತಿಂಗಳುಗಳಲ್ಲಿ, ಒಬ್ಬನೇ ಬಂದರೂ ಗುಂಪಾಗಿ ಬಂದರೂ, ರಾತ್ರಿ ತಂಗುವವನಂತೆ ಓಟಗಾರನೂ ಅನುಮತಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನವೆಂಬ ಕಟ್ಟಿರಬೇಕು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ತರುಣತರುಣಿಯರಲ್ಲಿ ಮ್ಯಾರಥಾನ್ ಅಭ್ಯಾಸವುಳ್ಳವರು ಯಾರಾದರೂ ಆ ಕಮರಿಗೆ ಹೋಗುವುದಾದರೆ, ಅಂತಹ ನಿಯಮ ಬರುವವರೆಗೆ ಅದನ್ನು ತಾವಾಗಿಯೇ ಪಾಲಿಸಲಿ. ದಾರಿಯ ಬಾಯಲ್ಲಿ ನಿಂತ ಕಾವಲಾಳು ಇಂದು ಬೇಡವೆಂದರೆ ವಾದಿಸದೆ ಹಿಂದಿರುಗಲಿ.